ಆ ಕಣ್ಣುಗಳು ಯಾರನ್ನು ನೋಡುತ್ತಿವೆ?

ಬೇರೆ ಬೇರೆ ಶತಮಾನಗಳಲ್ಲಿ ಮಹಿಳೆಯರು ಬರೆದ ವರ್ಣಚಿತ್ರಗಳ ಪೈಕಿ ನಿಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದವು ಯಾವುವು, ಬರೆದವರು ಹೆಂಗಸರೆಂದು ಗೊತ್ತಿಲ್ಲದಿದ್ದರೂ ಅವು ಅಷ್ಟೇ ಹಿಡಿಸುತ್ತಿದ್ದವೇ ಎಂದು ತಾವು ಕೇಳಿದ್ದೀರಿ. ಪ್ರಶ್ನೆಯ ಎರಡನೆಯ ಭಾಗ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಹೆಸರು ಗೊತ್ತಿಲ್ಲದೆ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಹಾಲೆಂಡಿನ ಯೂಡಿತ್ ಲೈಸ್ಟರ್ ಅವರ ಕಥೆಯೇ ಸಾಕು. 1609ರಲ್ಲಿ ಹಾರ್ಲೆಮ್ ಪಟ್ಟಣದಲ್ಲಿ ಹುಟ್ಟಿದ ಈಕೆ ಅಲ್ಲಿನ ಚಿತ್ರಕಾರರ ಸಂಘದ ಸದಸ್ಯೆಯಾಗಿದ್ದವರು. ತಮ್ಮ ಚಿತ್ರಗಳಿಗೆ ಹೆಸರಿನ ಮೊದಲಕ್ಷರಗಳ ಜೊತೆಗೆ ಒಂದು ಪುಟ್ಟ ನಕ್ಷತ್ರವನ್ನು ಸೇರಿಸಿ ಸಹಿ ಮಾಡುತ್ತಿದ್ದರು, ಏಕೆಂದರೆ ಅವರ ಮನೆತನದ ಹೆಸರಿಗೆ ಧ್ರುವತಾರೆ ಎಂಬ ಅರ್ಥವಿತ್ತು. ಅವರು ತೀರಿಕೊಂಡ ಮೇಲೆ ಅವರ ಎಷ್ಟೋ ಚಿತ್ರಗಳು ಫ್ರಾನ್ಸ್ ಹಾಲ್ಸ್ ಎಂಬ ಪ್ರಸಿದ್ಧ ಚಿತ್ರಕಾರನ ಹೆಸರಿನಲ್ಲಿ ಕೈ ಬದಲಾಯಿಸಿದವು. ಹಾಲ್ಸ್‌ನದೆಂದು ದೊಡ್ಡ ಬೆಲೆ ಕೊಟ್ಟು ಕೊಂಡಿದ್ದ ಒಂದು ಚಿತ್ರದಲ್ಲಿ ಲೈಸ್ಟರ್ ಅವರ ಸಹಿ ಕಂಡುಬಂದಾಗ ಆ ವ್ಯಾಜ್ಯ ಲಂಡನ್ನಿನ ನ್ಯಾಯಾಲಯಕ್ಕೆ ಹೋಗಿ 1893ರಲ್ಲಿ ಮುಗಿಯಿತು. ಚಿತ್ರದ ಒಂದು ಗೆರೆಯೂ ಬದಲಾಗಿರಲಿಲ್ಲ, ಆದರೂ ಅಲ್ಲಿ ನಡೆದ ಜಗಳವೆಲ್ಲ ಕೊಟ್ಟ ಹಣದ ಬಗ್ಗೆಯೇ. ಎರಡು ಶತಮಾನಗಳ ಕಾಲ ಮರೆಯಾಗಿದ್ದ ಒಬ್ಬ ಒಳ್ಳೆಯ ಚಿತ್ರಕಾರ್ತಿ ಸಿಕ್ಕಿದಳೆಂದು ಆ ನ್ಯಾಯಾಲಯದಲ್ಲಿ ಯಾರೂ ಸಂತೋಷಪಡಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ನನಗೆ ಅತ್ಯಂತ ಪ್ರಿಯವಾದ ಚಿತ್ರಕ್ಕೆ ಬರುತ್ತೇನೆ. ಇಟಲಿಯ ಕ್ರೆಮೋನಾ ಪಟ್ಟಣದ ಸೋಫೊನಿಸ್ಬಾ ಆಂಗ್ವಿಸ್ಸೋಲಾ 1555ರಲ್ಲಿ, ಇಪ್ಪತ್ತರ ಹರೆಯದಲ್ಲಿ, ತನ್ನ ತಂಗಿಯರು ಚದುರಂಗ ಆಡುತ್ತಿರುವುದನ್ನು ಬರೆದಳು. ಆ ಚಿತ್ರ ಈಗ ಪೋಲೆಂಡಿನ ಪೊಜ್ನಾನ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಕುಸುರಿಯ ರತ್ನಗಂಬಳಿ ಹಾಸಿದ ಮೇಜಿನ ಮೇಲೆ ಚದುರಂಗದ ಮಣೆ ಇದೆ. ಎಡಗಡೆ ಕುಳಿತ ಲೂಚಿಯಾ ಕಾಯಿಗಳ ಮೇಲೆ ಕೈಯಿಟ್ಟು ನಮ್ಮ ಕಡೆಗೆ ನೋಡುತ್ತಿದ್ದಾಳೆ, ಎದುರಿನ ಮಿನರ್ವಾ ಏನೋ ತಕರಾರು ಹೇಳಲು ಹೊರಟವಳಂತೆ ಕೈ ಎತ್ತಿದ್ದಾಳೆ, ನಡುವೆ ನಿಂತ ಎಲ್ಲರಿಗಿಂತ ಕಿರಿಯಳಾದ ಯೂರೋಪಾ ಸೋಲುತ್ತಿರುವ ಅಕ್ಕನ ಮುಖ ನೋಡಿ ಬಾಯಿತುಂಬ ನಗುತ್ತಿದ್ದಾಳೆ. ಬಲಗಡೆಯ ಅಂಚಿನಲ್ಲಿ ವಯಸ್ಸಾದ ಕೆಲಸದಾಕೆಯೊಬ್ಬಳು ಆಟವನ್ನು ಗಮನವಿಟ್ಟು ನೋಡುತ್ತಿದ್ದಾಳೆ. ಅಕ್ಕ ಸೋತಾಗ ತಂಗಿಗೆ ಬರುವ ಆ ನಗೆಯನ್ನು ಒಡಹುಟ್ಟಿದವರಿರುವ ಮನೆಯಲ್ಲಿ ಬೆಳೆದ ಯಾರೂ ಗುರುತಿಸದೆ ಇರಲಾರರು. ಪಗಡೆಯಲ್ಲೋ ಚೌಕಾಬಾರದಲ್ಲೋ ನನ್ನ ಕಾಯಿ ಹೊಡೆದಾಗಲೆಲ್ಲ ನನ್ನ ತಂಗಿ ಹಾಗೆಯೇ ನಗುತ್ತಿದ್ದಳು.

ಮೊದಲು ಈ ಚಿತ್ರವನ್ನು ಒಂದು ಪುಸ್ತಕದಲ್ಲಿ ನೋಡಿದಾಗ ಲೂಚಿಯಾ ನನ್ನನ್ನೇ ನೋಡುತ್ತಿದ್ದಾಳೆ ಎಂದುಕೊಂಡು ಪುಟ ತಿರುಗಿಸಿದ್ದೆ. ಮಣೆಯ ಅಂಚಿನಲ್ಲಿ ಲ್ಯಾಟಿನ್ ಭಾಷೆಯ ಬರಹವೊಂದಿದೆ ಎಂಬುದು ಬಹಳ ತಡವಾಗಿ ತಿಳಿಯಿತು. ಅಮಿಲ್ಕಾರೆಯ ಮಗಳಾದ ಕನ್ಯೆ ಸೋಫೊನಿಸ್ಬಾ ತನ್ನ ಮೂವರು ತಂಗಿಯರನ್ನೂ ಕೆಲಸದಾಕೆಯನ್ನೂ ಕಣ್ಣಾರೆ ಕಂಡಂತೆಯೇ ಬರೆದಳು ಎಂಬುದು ಅದರ ಸಾರ. ಅಂದರೆ ಲೂಚಿಯಾ ನೋಡುತ್ತಿರುವುದು ನನ್ನನ್ನೂ ಅಲ್ಲ, ಯಾವುದೋ ಅತಿಥಿಯನ್ನೂ ಅಲ್ಲ, ಕುಂಚ ಹಿಡಿದು ನಿಂತ ತನ್ನ ಅಕ್ಕನನ್ನು. "ನೋಡಿದೆಯಾ ಅಕ್ಕಾ, ಗೆದ್ದೆ" ಎಂಬ ಮಾತು ಆ ಕಣ್ಣಿನಲ್ಲಿದೆ. ಲೂಚಿಯಾ ಕೂಡ ಚಿತ್ರ ಬರೆಯುತ್ತಿದ್ದವಳು ಎಂದು ತಿಳಿದ ಮೇಲಂತೂ ಆ ನೋಟದಲ್ಲಿ, ಅಕ್ಕನ ಕೈ ಹೇಗೆ ಓಡುತ್ತಿದೆಯೆಂದು ಅಳೆಯುವ ಕುತೂಹಲವೂ ಇದೆಯೆಂದು ನನಗೆ ಅನಿಸತೊಡಗಿದೆ. ಹೆಂಗಸರಿಗೆ ಬೆತ್ತಲೆ ಮೈಯನ್ನು ಎದುರಿಟ್ಟುಕೊಂಡು ಅಭ್ಯಾಸ ಮಾಡುವ ಅವಕಾಶವಿಲ್ಲದಿದ್ದ ಕಾಲವದು. ಆದ್ದರಿಂದಲೇ ಅವರು ಮನೆಯವರನ್ನು ಬರೆದರು ಎಂದು ಹೇಳುವುದುಂಟು. ಆ ಮಾತು ನಿಜವೇ ಆದರೂ ಕೊರತೆಯ ಲೆಕ್ಕವಷ್ಟೇ ಅದರಲ್ಲಿದೆ. ಮನೆಯೊಳಗೆ ನಿಂತವಳಿಗೆ ಮಾತ್ರ ಸಿಗುವ ನೋಟವೊಂದು ಇಲ್ಲಿ ದಕ್ಕಿದೆ ಎಂಬುದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಹೀಗೆಂದು ಬರೆದವರ ಬಾಳನ್ನು ತಿಳಿದಷ್ಟೂ ಚಿತ್ರ ತೆರೆದುಕೊಳ್ಳುತ್ತದೆ ಎಂದು ನಾನು ಹೇಳಲಾರೆ. ಇಟಲಿಯ ಇನ್ನೊಬ್ಬ ಚಿತ್ರಕಾರ್ತಿ ಆರ್ಟೆಮಿಸಿಯಾ ಜೆಂಟಿಲೆಸ್ಕಿಯ ವಿಷಯದಲ್ಲಿ ಅದು ತಿರುಗುಮುರುಗಾಗಿದೆ. ತಂದೆಯ ಜೊತೆ ಕೆಲಸ ಮಾಡುತ್ತಿದ್ದ ಅಗೊಸ್ಟಿನೋ ಟಾಸ್ಸಿ ಎಂಬ ಚಿತ್ರಕಾರ 1611ರಲ್ಲಿ ಆಕೆಯ ಮೇಲೆ ಅತ್ಯಾಚಾರ ಮಾಡಿದ್ದು, ಮರುವರ್ಷ ರೋಮಿನಲ್ಲಿ ವಿಚಾರಣೆ ನಡೆದಾಗ ಆಕೆ ಹೇಳುತ್ತಿರುವುದು ಸತ್ಯವೇ ಎಂದು ಪರೀಕ್ಷಿಸಲು ಬೆರಳುಗಳಿಗೆ ಹಗ್ಗ ಸುತ್ತಿ ಬಿಗಿದದ್ದು ಎಲ್ಲರೂ ಬಲ್ಲ ಸಂಗತಿ. ಹಾಗಾಗಿ ಆಕೆಯ ಪ್ರತಿಯೊಂದು ಚಿತ್ರವನ್ನೂ ಆ ನೋವಿನ ಉತ್ತರವೆಂದೇ ಓದುವುದು ರೂಢಿಯಾಗಿದೆ. ಆದರೆ ನನ್ನನ್ನು ಅಲುಗಾಡಿಸಿದ 'ಸುಸನ್ನಳೂ ಹಿರಿಯರೂ' ಎಂಬ ಚಿತ್ರದ ಮೇಲಿರುವ ಇಸವಿ 1610. ಸ್ನಾನಕ್ಕಿಳಿದ ಸುಸನ್ನಳನ್ನು ಇಬ್ಬರು ಹಿರಿಯರು ಕದ್ದು ನೋಡಿ, ತಮ್ಮ ಇಚ್ಛೆಗೆ ಒಪ್ಪದಿದ್ದರೆ ಹಾದರದ ಆರೋಪ ಹೊರಿಸುವೆವೆಂದು ಬೆದರಿಸುವ ಬೈಬಲ್ ಪರಂಪರೆಯ ಕಥೆ ಅದು. ಆಕೆಗಿಂತ ಹಿಂದಿನ ವೆನಿಸ್ಸಿನ ಚಿತ್ರಕಾರ ಟಿಂಟೊರೆಟ್ಟೊ ಇದೇ ಕಥೆಯನ್ನು ಬರೆದಾಗ ಸುಸನ್ನಳನ್ನು ಕನ್ನಡಿಯ ಮುಂದೆ, ಹಸಿರು ತೋಟದಲ್ಲಿ, ಏನೂ ಅರಿಯದವಳಂತೆ ಕೂರಿಸಿದ್ದ. ಹದಿನೇಳರ ಆಸುಪಾಸಿನ ಆರ್ಟೆಮಿಸಿಯಾ ತೋಟವನ್ನೇ ತೆಗೆದುಹಾಕಿದಳು. ತಣ್ಣನೆಯ ಕಲ್ಲಿನ ಕಟ್ಟೆಯ ಮೇಲೆ ಕುಳಿತ ಹುಡುಗಿ ಮುಖ ತಿರುಗಿಸಿ, ಎರಡೂ ಕೈಗಳನ್ನು ಮೇಲೆತ್ತಿ ಅವರನ್ನು ದೂರ ತಳ್ಳುತ್ತಿದ್ದಾಳೆ. ಮೈ ತಿರುಚಿದಲ್ಲಿ ಚರ್ಮ ಸುಕ್ಕುಗಟ್ಟಿದೆ. ಅವಳ ತಲೆಯ ಮೇಲೆಯೇ ಬಾಗಿದ ಇಬ್ಬರಲ್ಲಿ ಒಬ್ಬ ತುಟಿಗೆ ಬೆರಳಿಟ್ಟು ಸುಮ್ಮನಿರು ಎನ್ನುತ್ತಿದ್ದಾನೆ. ಆ ಒಂದು ಬೆರಳಿನಲ್ಲಿ ಕಥೆಯ ಹೇಸಿಗೆಯೆಲ್ಲ ಇದೆ. ತುಂಬಿದ ಬಸ್ಸಿನಲ್ಲಿ ಮೈಯನ್ನು ಹಾಗೆ ತಿರುಚಿಕೊಂಡು ನಿಂತ ನೆನಪಿರುವ ಹೆಂಗಸರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ, ಬರೆದವಳ ಹೆಸರೂ ಬೇಕಾಗಿಲ್ಲ. ಅತ್ಯಾಚಾರ ನಡೆಯುವ ಮುನ್ನವೇ ಅವಳಿಗೆ ಇಷ್ಟು ತಿಳಿದಿತ್ತು ಎಂಬುದು ನನ್ನನ್ನು ಆ ವಿಚಾರಣೆಯ ವಿವರಗಳಿಗಿಂತ ಹೆಚ್ಚಾಗಿ ನೋಯಿಸುತ್ತದೆ.

ನಮ್ಮ ದೇಶದವರ ಪೈಕಿ ಅಮೃತಾ ಶೇರ್‌ಗಿಲ್ ಅವರ 'ಮೂವರು ಹುಡುಗಿಯರು' ಚಿತ್ರವನ್ನು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನೋಡುವ ಭಾಗ್ಯ ನನಗೆ ಸಿಕ್ಕಿದೆ. ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಕಲಿತು, 1934ರ ಕೊನೆಯಲ್ಲಿ ಭಾರತಕ್ಕೆ ಮರಳಿದ ಅವರು ಮರುವರ್ಷವೇ ಇದನ್ನು ಬರೆದರು. 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಇದಕ್ಕೆ ಬಂತು. ಕ್ರೆಮೋನಾದ ತಂಗಿಯರಿಗೂ ಇವರಿಗೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ. ಕೆಂಪು ಹಸಿರು ಬಟ್ಟೆ ತೊಟ್ಟು ಒತ್ತೊತ್ತಾಗಿ ಕುಳಿತ ಈ ಮೂವರಲ್ಲಿ ಯಾರೂ ನಮ್ಮನ್ನು ನೋಡುವುದಿಲ್ಲ, ಒಬ್ಬರ ಮುಖ ಒಬ್ಬರೂ ನೋಡುವುದಿಲ್ಲ. ನಾನು ಎಡಕ್ಕೂ ಬಲಕ್ಕೂ ಸರಿದು, ಸ್ವಲ್ಪ ಬಗ್ಗಿ ಕೂಡ ನೋಡಿದೆ. ಎಲ್ಲಿ ನಿಂತರೂ ಅವರ ಕಣ್ಣು ಸಿಗಲಿಲ್ಲ. ವರನ ಕಡೆಯವರು ಬರುವುದಕ್ಕೆ ಮುನ್ನ ಒಳಕೋಣೆಯಲ್ಲಿ ಕುಳಿತಿದ್ದ ನನ್ನ ಅಕ್ಕನ ಮುಖ ಆಗ ನೆನಪಾಯಿತು. ಈ ಹುಡುಗಿಯರಿಗೆ ಮದುವೆ ಕಾದಿದೆಯೆಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ, ಅದನ್ನು ನಾನೇ ತುಂಬಿಕೊಂಡೆ ಎಂಬ ಎಚ್ಚರ ನನಗಿದೆ.

ಕೊನೆಯದಾಗಿ ಫ್ರಾನ್ಸಿನ ಬರ್ಟ್ ಮೊರಿಸೊ ಅವರ 'ತೊಟ್ಟಿಲು'. 1872ರಲ್ಲಿ ಬರೆದ, ಎರಡು ಅಡಿಯ ಎತ್ತರವೂ ಇಲ್ಲದ ಈ ಚಿತ್ರ 1874ರಲ್ಲಿ, ಬೆಳಕಿನ ಕ್ಷಣಿಕ ನೋಟವನ್ನು ಹಿಡಿಯಲು ಹೊರಟ ಇಂಪ್ರೆಷನಿಸ್ಟ್ ಚಿತ್ರಕಾರರ ಮೊದಲ ಪ್ರದರ್ಶನದಲ್ಲಿತ್ತು, ಆದರೆ ಮಾರಾಟವಾಗಲಿಲ್ಲ. 1930ರಲ್ಲಿ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯ ಕೊಳ್ಳುವವರೆಗೂ ಅದು ಮನೆಯವರ ಬಳಿಯೇ ಉಳಿಯಿತು, ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ತೊಟ್ಟಿಲ ಪಕ್ಕದಲ್ಲಿ ಕೆನ್ನೆಗೆ ಕೈಕೊಟ್ಟು ಕುಳಿತವಳು ಬರ್ಟ್ ಅವರ ಅಕ್ಕ ಎಡ್ಮಾ. ಅವಳ ಮಡಿಸಿದ ತೋಳೂ ಮಲಗಿದ ಮಗುವಿನ ಮಡಿಸಿದ ತೋಳೂ ಒಂದೇ ಬಗೆಯವು. ಇನ್ನೊಂದು ಕೈಯಿಂದ ಅವಳು ತೊಟ್ಟಿಲಿನ ತೆಳು ಪರದೆಯನ್ನು ನಮಗೂ ಮಗುವಿಗೂ ನಡುವೆ ಎಳೆದಿದ್ದಾಳೆ. ತಾಯ್ತನದ ಮಧುರ ಚಿತ್ರವೆಂದು ನಾನೂ ಬಹಳ ಕಾಲ ನಂಬಿದ್ದೆ. ಅಕ್ಕತಂಗಿಯರಿಬ್ಬರೂ ಕೊರೊ ಎಂಬ ಹಿರಿಯ ಚಿತ್ರಕಾರನ ಬಳಿ ಜೊತೆಯಾಗಿ ಕಲಿತವರು, 1864ರಲ್ಲಿ ಸಲೋನ್ ಎಂಬ ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನದಲ್ಲಿ ಇಬ್ಬರ ಚಿತ್ರಗಳೂ ಇದ್ದವು, 1869ರಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬರನ್ನು ಮದುವೆಯಾದ ಮೇಲೆ ಎಡ್ಮಾ ಚಿತ್ರಕಲೆಯನ್ನು ಕೈಬಿಟ್ಟಳು ಎಂದು ತಿಳಿದ ದಿನ ಆ ದಣಿದ ಮುಖವನ್ನು ಮತ್ತೆ ನೋಡಿದೆ. ಕುಂಚ ಬಿಟ್ಟ ಅಕ್ಕನನ್ನು ಕುಂಚ ಬಿಡದ ತಂಗಿ ಬರೆಯುತ್ತಿದ್ದಾಳೆ. ಅವರಿಬ್ಬರ ನಡುವೆ ಆ ಹೊತ್ತಿನಲ್ಲಿ ಇದ್ದಿರಬಹುದಾದ ಮೌನ ಚಿತ್ರದ ತುಂಬ ಇದೆಯೆಂದು ನನಗೆ ಅನಿಸುತ್ತದೆ.

ನಮ್ಮ ತಾಯಿ ಮದುವೆಗೆ ಮುಂಚೆ ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸಾಗಿದ್ದರು. ಆ ಸರ್ಟಿಫಿಕೇಟು ಅವರ ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ, ಈಗಲೂ ಇದೆ. ಅವರು ಮತ್ತೆ ಚಿತ್ರ ಬರೆದದ್ದನ್ನು ನಾನು ಕಂಡಿಲ್ಲ. ಒಮ್ಮೆ ಈ ತೊಟ್ಟಿಲಿನ ಚಿತ್ರವಿದ್ದ ಪುಸ್ತಕವನ್ನು ಅವರ ಮುಂದಿಟ್ಟು, ಎಡ್ಮಾಳ ಕಥೆಯನ್ನು ಹೇಳದೆ, ಹೇಗಿದೆಯೆಂದಷ್ಟೇ ಕೇಳಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಈ ಪರದೆ ಬರೆಯೋದು ಕಷ್ಟ ಕಣೇ. ಪರದೇನೂ ಕಾಣಬೇಕು, ಅದರ ಹಿಂದಿರೋದೂ ಕಾಣಬೇಕು. ಬಿಳಿ ಒಂಚೂರು ಜಾಸ್ತಿ ಆದ್ರೂ ಮಗು ಮುಚ್ಚಿಹೋಗುತ್ತೆ" ಎಂದರು. ಮಗುವಿನ ಬಗ್ಗೆಯಾಗಲಿ ತಾಯಿಯ ಬಗ್ಗೆಯಾಗಲಿ ಏನೂ ಹೇಳಲಿಲ್ಲ. ತೋರುಬೆರಳಿನಿಂದ ಆ ಪರದೆಯ ಅಂಚನ್ನು ಮೇಲಿನಿಂದ ಕೆಳಗೆ ಒಂದೇ ಎಳೆತದಲ್ಲಿ ಎಳೆದು ನೋಡಿ, ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.