ಡೆಸ್ಕ್‌ಟಾಪ್ ಕಂಪ್ಯೂಟರ್ ಬಟನ್ ಒತ್ತಿದ್ರೆ ಫ್ಯಾನ್ ಒಂದ್ ಸುತ್ತು ತಿರುಗಿ ನಿಂತೋಗುತ್ತೆ

ಒಂದ್ ಸೆಕೆಂಡ್ ತಿರುಗಿ ಪಟ್ ಅಂತ ಆಫ್, ಪ್ಲಗ್ ಕಿತ್ತು ಹಾಕೋವರೆಗೂ ಬಟನ್‌ಗೆ ಜಗ್ಗಲ್ಲ ಅಂದ್ರೆ ಬಹುತೇಕ ಎಲ್ಲೋ ಶಾರ್ಟ್ ಆಗಿದೆ, ಎಸ್‌ಎಂಪಿಎಸ್ (ಒಳಗಿರೋದಕ್ಕೆಲ್ಲ ಕರೆಂಟ್ ಕೊಡೋ ಡಬ್ಬಿ) ತನ್ನನ್ನ ಕಾಪಾಡ್ಕೊಳ್ಳೋಕೆ ಆಫ್ ಆಗ್ತಿದೆ. ಎಸ್‌ಎಂಪಿಎಸ್ಸೇ ಕೆಟ್ಟಿರಬಹುದು, ಈಗ್ಲೇ ಹೇಳೋಕಾಗಲ್ಲ.

ಮೊದ್ಲು ಪ್ಲಗ್ ಕಿತ್ತು ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡೀರಿ. ಆಮೇಲೆ ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್, ಮುಂದಿನ ಯುಎಸ್‌ಬಿ ಕೇಬಲ್ ಎಲ್ಲಾ ಬಿಚ್ಚಿ, ಮದರ್‌ಬೋರ್ಡ್‌ಗೆ ಹೋಗೋ 24 ಪಿನ್ ಮತ್ತು ಸಿಪಿಯು 8 ಪಿನ್ ಪವರ್ ಕೇಬಲ್, ಸಿಪಿಯು ಫ್ಯಾನ್, ಒಂದೇ ರ್‍ಯಾಮ್ ಇಟ್ಟು ಆನ್ ಮಾಡಿ, ಡಿಸ್‌ಪ್ಲೇ ಬರದಿದ್ರೂ ಪರವಾಗಿಲ್ಲ ಫ್ಯಾನ್ ನಿಲ್ಲದೆ ತಿರುಗಿದ್ರೆ ಸಾಕು. ತಿರುಗ್ತು ಅಂದ್ರೆ ಒಂದೊಂದೇ ವಾಪಸ್ ಹಾಕ್ತಾ ಹೋಗಿ, ಪ್ರತಿ ಸಲ ಪ್ಲಗ್ ಕಿತ್ತೇ, ಯಾವ್ದು ಹಾಕಿದಾಗ ಸಾಯುತ್ತೋ ಅದೇ ಕಳ್ಳ. ಯುಎಸ್‌ಬಿ ಪೋರ್ಟ್‌ಗಳೊಳಗೂ ಟಾರ್ಚ್ ಬಿಟ್ಟು ನೋಡಿ, ಪಿನ್ ಬಾಗಿ ಸುತ್ತಲಿನ ಲೋಹಕ್ಕೆ ತಾಗಿರಬಹುದು.

ಆಗ್ಲೂ ಫ್ಯಾನ್ ನಿಂತೋದ್ರೆ ಮದರ್‌ಬೋರ್ಡ್ ಹೊರಗೆ ತೆಗೆದು ರಟ್ಟಿನ ಮೇಲಿಟ್ಟು, ಬೋರ್ಡ್ ಮೇಲೆ ಪವರ್ ಸ್ವಿಚ್ ವೈರ್ ಸಿಕ್ಕಿಸೋ ಎರಡು ಪಿನ್‌ಗೆ ಸ್ಕ್ರೂಡ್ರೈವರ್ ತಾಗಿಸಿ. ಓಡಿದ್ರೆ ಕ್ಯಾಬಿನೆಟ್‌ನಲ್ಲೇ ಬಿದ್ದ ಸ್ಕ್ರೂನೋ ಬೇಡದ ಜಾಗದಲ್ಲಿರೋ ಸ್ಟ್ಯಾಂಡಾಫೋ (ಬೋರ್ಡ್ ಕೂರಿಸೋ ಲೋಹದ ಪುಟ್ಟ ಕಂಬ) ತಾಗ್ತಿರಬಹುದು.

ಕೊನೇದಾಗಿ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿ, ಅದರದೇ ಕೇಬಲ್ ಸಮೇತ (ಹಳೇದರ ಮಾಡ್ಯುಲರ್, ಅಂದ್ರೆ ಬಿಚ್ಚಿ ಹಾಕೋ ಕೇಬಲ್ ಹಾಕಿದ್ರೆ ಬೋರ್ಡ್ ಸುಟ್ಟೋಗ್ಬಹುದು). 24 ಪಿನ್ ಕೇಬಲ್‌ನ ಹಸಿರು-ಕಪ್ಪು ವೈರ್ ಸೇರಿಸಿ ಎಸ್‌ಎಂಪಿಎಸ್ ಒಂದನ್ನೇ ಆನ್ ಮಾಡೋ ಟೆಸ್ಟ್ ನಂಬ್ಕೋಬೇಡಿ, ಲೋಡ್ ಇಲ್ದೆ ಕೆಟ್ಟಿದ್ದೂ ಆನ್ ಆಗಬಹುದು. ಬೇರೇದ್ರಲ್ಲೂ ಆಫ್ ಆದ್ರೆ ಬೋರ್ಡನ್ನೇ ರಿಪೇರಿಗೆ ಕೊಡಿ.