ಪೇಟಿ, ತಬಲಾ, ತಂಬೂರಿ ಮತ್ತು ವಿಮಾನದ 7 ಕೆಜಿ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ವಾದ್ಯ ತಗೊಂಡು ವಿಮಾನ ಹತ್ತೋದು ಹೇಗೆ ಅಂತ. ನಾಲ್ಕಕ್ಕೂ ಇಲ್ಲೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನಾವು ಐದು ಮಂದಿ ವಚನ, ತತ್ವಪದ ಹಾಡುವವರು. ದಿಲ್ಲಿಯಲ್ಲಿ ಕಾರ್ಯಕ್ರಮ ಸಿಕ್ಕಿದೆ, ಹೈದರಾಬಾದ್‌ನಿಂದ ವಿಮಾನದ ಟಿಕೆಟ್ ಸಂಘಟಕರೇ ಕೊಡುತ್ತಾರಂತೆ. ಪೇಟಿ (ಹಾರ್ಮೋನಿಯಂ), ತಬಲಾ, ಅದರ ಜೋಡಿಯ ಎಡಗೈ ಡಗ್ಗಾ ಮೂರನ್ನೂ ಕೈಯಲ್ಲೇ ಹಿಡಿದುಕೊಂಡು ಹೋಗಬಹುದಾ? ಲಗೇಜಿಗೆ ಹಾಕಿದರೆ ಒಡೆದೇ ಕೊಡ್ತಾರೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ.
— ಪೇಟಿ ಮಾಸ್ತರರೊಬ್ಬರು, ಸೇಡಂ

ಮಾಸ್ತರೇ, ತಬಲಾ ಹೋಗುತ್ತದೆ, ಡಗ್ಗಾ ಅನುಮಾನ, ಪೇಟಿ ಹೋಗುವುದಿಲ್ಲ.

ಕಾರಣ ಸರಳ. ನಮ್ಮ ದೇಶದ ವಿಮಾನಗಳಲ್ಲಿ ಸಾಮಾನ್ಯ ಟಿಕೆಟ್‌ಗೆ ಒಬ್ಬರಿಗೆ ಒಂದೇ ಕೈಚೀಲ, ತೂಕ 7 ಕೆಜಿ. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದರೆ 115 ಸೆಂ.ಮೀ. ದಾಟಬಾರದು. ಯಾವ ಬದಿ ಎಷ್ಟಿರಬೇಕು ಅನ್ನೋದು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ, ಆದರೆ ಉದ್ದದ ಮಿತಿ ಎಲ್ಲ ಕಡೆ 55 ಸೆಂ.ಮೀ. ಆಸುಪಾಸಿನಲ್ಲೇ ಇರುತ್ತದೆ. ಪೇಟಿಯನ್ನು ಮನೆಯ ತಕ್ಕಡಿ ಮೇಲೆ ಇಟ್ಟು ನೋಡಿ. ಸಾಧಾರಣ ಪೇಟಿಯೇ 10 ಕೆಜಿ ಸುತ್ತಮುತ್ತ ಬರುತ್ತದೆ, ಅದಕ್ಕೊಂದು ಪೆಟ್ಟಿಗೆ ಸೇರಿದರೆ ಇನ್ನೂ ಮೇಲೆ. ಕೌಂಟರಿನಲ್ಲಿ ಕೂತ ಹುಡುಗಿಗೆ ಅದು ನಿಮ್ಮ ಗುರುಗಳು ಕೊಟ್ಟ ಪೇಟಿ ಅನ್ನೋದು ಗೊತ್ತಾಗುವುದಿಲ್ಲ. ಆಕೆಗೆ ಕಾಣುವುದು ತೂಕದ ಅಂಕಿ ಒಂದೇ. ಅಲ್ಲಿ ನಿಂತು ಕೈಮುಗಿದು ಕೇಳಿಕೊಂಡರೆ ಒಬ್ಬರು ಬಿಡಬಹುದು, ಇನ್ನೊಬ್ಬರು ಬಿಡುವುದಿಲ್ಲ. ಆ ನಂಬಿಕೆ ಮೇಲೆ ಕಾರ್ಯಕ್ರಮ ಒಪ್ಪಿಕೊಳ್ಳಬೇಡಿ.

ಹಾಗಾದರೆ ಏನು ಮಾಡೋದು? ನನ್ನ ಸಲಹೆ ಇಷ್ಟೇ: ಸಂಘಟಕರಿಗೆ ಇವತ್ತೇ ಫೋನ್ ಮಾಡಿ ಪೇಟಿ ಮತ್ತು ಡಗ್ಗಾ ಅಲ್ಲೇ ವ್ಯವಸ್ಥೆ ಮಾಡಿಸಿ. ದಿಲ್ಲಿಯಂಥ ಊರಲ್ಲಿ ಬಾಡಿಗೆಗೆ ಪೇಟಿ ಸಿಗದೇ ಇರುವುದಿಲ್ಲ. ಸ್ವರ ಸರಿ ಇರೋ ಪೇಟಿ ಯಾರದ್ದಾದರೂ ನಿಮ್ಮ ಕೈಗೆ ಒಂದು ಗಂಟೆಯಲ್ಲಿ ಹೊಂದಿಕೊಳ್ಳುತ್ತದೆ. ಆದರೆ ತಬಲಾ ಹಾಗಲ್ಲ. ನೀವು ಕರಿ ಎರಡರಲ್ಲಿ, ಅಂದರೆ ಪೇಟಿಯ ಎರಡನೇ ಕರಿ ಪಟ್ಟಿಯ ಶ್ರುತಿಯಲ್ಲಿ, ಹಾಡುವವರಾಗಿದ್ದು ಅಲ್ಲಿ ಸಿಕ್ಕಿದ್ದು ದೊಡ್ಡ ಬಾಯಿಯ, ತಗ್ಗು ಶ್ರುತಿಯ ತಬಲಾ ಆದರೆ ಎಷ್ಟು ಬಡಿದು ಏರಿಸಿದರೂ ಅದು ನಿಮ್ಮ ಶ್ರುತಿಗೆ ನಿಲ್ಲುವುದಿಲ್ಲ, ಮುಚ್ಚಿಗೆಯ ಚರ್ಮ ಹರಿದೀತು. ಡಗ್ಗಾಕ್ಕೆ ಅಷ್ಟು ಕಟ್ಟುನಿಟ್ಟಿನ ಶ್ರುತಿ ಬೇಕಿಲ್ಲ. ಅದಕ್ಕೇ ತಬಲಾ ಒಂದನ್ನೇ ಕೈಯಲ್ಲಿ ಒಯ್ಯಿರಿ. ಮರದ ತಬಲಾ ಒಂದೇ ಆದರೆ ತೂಕ 7 ಕೆಜಿ ಒಳಗೆ ಆರಾಮಾಗಿ ಕೂರುತ್ತದೆ, ಸಿಂಬಿಯನ್ನೂ ಜೊತೆಗೆ ತುರುಕಬಹುದು.

ನೆನಪಿಡಿ, ಸುತ್ತಿಗೆ ಕೈಚೀಲದಲ್ಲಿ ಬೇಡ. ವಾದ್ಯದ ಸುತ್ತಿಗೆ ಎಷ್ಟೇ ಸಣ್ಣದಿದ್ದರೂ ತಪಾಸಣೆಯಲ್ಲಿ ಅದು ಸುತ್ತಿಗೆಯೇ, ಕಿತ್ತು ಬುಟ್ಟಿಗೆ ಹಾಕುತ್ತಾರೆ. ಲಗೇಜಿಗೆ ಹಾಕುವ ಬಟ್ಟೆಯ ಚೀಲದಲ್ಲಿ ಇಡಿ. ಪೌಡರ್ ಡಬ್ಬಿಯನ್ನೂ ಅಲ್ಲೇ ಹಾಕಿಬಿಡಿ, ಸುಮ್ನೆ ಮಾತುಕತೆ ಯಾಕೆ.

ಡಗ್ಗಾ ಬೇಕೇ ಬೇಕು ಅನ್ನುವವರು ಅದನ್ನು ತಂಡದ ಇನ್ನೊಬ್ಬರ ಕೈಚೀಲವಾಗಿ ಕೊಡಬಹುದು, ಪ್ರತಿಯೊಬ್ಬರಿಗೂ ಒಂದೊಂದು ಚೀಲ ಇದೆಯಲ್ಲ. ಆದರೆ ಡಗ್ಗಾದ ಹೊಟ್ಟೆ ಅಗಲ. ಅಳತೆ ನೋಡುವ ಕಬ್ಬಿಣದ ಚೌಕಟ್ಟಿನಲ್ಲಿ ಇಳಿಯದಿದ್ದರೆ ಜಗಳ ಶುರು. ಇನ್ನೊಂದು ತೊಂದರೆ ಎಕ್ಸ್‌ರೇ. ಹಿತ್ತಾಳೆ, ತಾಮ್ರದ ಡಗ್ಗಾ ಪರದೆ ಮೇಲೆ ಕಪ್ಪು ಮುದ್ದೆಯಾಗಿ ಕಾಣುತ್ತದೆ, ಒಳಗೇನಿದೆ ಗೊತ್ತಾಗುವುದಿಲ್ಲ, ಬಿಚ್ಚಿ ತೋರಿಸಿ ಅಂತಾರೆ. ಬಿಚ್ಚೋದು ಎಲ್ಲಿಂದ? ಬದ್ದಿ ಬಿಗಿದ ಡಗ್ಗಾವನ್ನು ಅಲ್ಲಿ ನಿಂತು ಬಿಚ್ಚಲಿಕ್ಕೆ ಆಗುತ್ತದಾ? ಸಿಟ್ಟು ಮಾಡಬೇಡಿ. ಚೀಲದಿಂದ ಹೊರಗೆ ತೆಗೆದು, ಪಕ್ಕದಲ್ಲಿ ಇಟ್ಟು, ಕೈಯಿಂದ ತಟ್ಟಿ ತೋರಿಸಿ. ಬಟ್ಟೆ ತುಂಡಿನಿಂದ ಒರೆಸಿ, ಆ ತುಂಡನ್ನು ಯಂತ್ರಕ್ಕೆ ಹಾಕಿ ನೋಡಿ ಬಿಡುತ್ತಾರೆ. ಎರಡು ಬೋಲ್ ಬಾರಿಸಿ ಅಂದರೂ ಆಶ್ಚರ್ಯವಿಲ್ಲ, ಬಾರಿಸಿಬಿಡಿ. ಇದಕ್ಕೆಲ್ಲ ಸಮಯ ಬೇಕು, ಯಾವಾಗಲೂ ಹೋಗುವುದಕ್ಕಿಂತ ಅರ್ಧ ಗಂಟೆ ಮುಂಚೆ ಹೋಗಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಪೇಟಿಯೇ ಬೇಕು ಅಂದರೆ ಲಗೇಜಿಗೆ ಹಾಕಿ, ಆದರೆ ಸರಿಯಾಗಿ ಹಾಕಿ. ತಿದಿಯ ಕೊಂಡಿ ಬಿಗಿಯಾಗಿ ಹಾಕಿರಬೇಕು. ಸ್ಟಾಪ್‌ಗಳನ್ನೆಲ್ಲ ಒಳಗೆ ತಳ್ಳಿ. ಮನೆಗಳ (ಬೆರಳಿಡುವ ಬಿಳಿ, ಕರಿ ಪಟ್ಟಿಗಳ) ಮೇಲೆ ಮಡಚಿದ ಟವೆಲ್ ಉದ್ದಕ್ಕೆ ಹಾಸಿ ಮುಚ್ಚಳ ಹಾಕಿ, ಇಲ್ಲದಿದ್ದರೆ ಪೆಟ್ಟಿಗೆ ಬಿದ್ದಾಗಲೆಲ್ಲ ಮನೆಗಳು ಕುಣಿದು ಕೆಳಗಿನ ಸ್ಪ್ರಿಂಗ್ ಕಳಚುತ್ತದೆ. ಮೇಲೆ ಗಾಜು ಇದ್ದರೆ ತೆಗೆದು ಮನೆಯಲ್ಲೇ ಇಡಿ. ಬಟ್ಟೆ ಚೀಲ ಸಾಲದು, ಪ್ಲೈವುಡ್ಡಿನದೋ ಫೈಬರಿನದೋ ಪೆಟ್ಟಿಗೆ ಬೇಕು, ಒಳಗೆ ಎಲ್ಲ ಕಡೆ ಸ್ಪಂಜು ಇರಬೇಕು, ಪೇಟಿ ಒಂದಿಂಚೂ ಅಲ್ಲಾಡಬಾರದು. ಪೆಟ್ಟಿಗೆ ಸೇರಿ 15 ಕೆಜಿ ಒಳಗೆ ಬಂದರೆ ದೇಶದೊಳಗಿನ ಹೆಚ್ಚಿನ ಟಿಕೆಟ್‌ಗಳಲ್ಲಿ ಬೇರೆ ದುಡ್ಡು ಕೇಳುವುದಿಲ್ಲ. ದಾಟಿದರೆ ಕೆಜಿ ಲೆಕ್ಕದಲ್ಲಿ ಕಟ್ಟಬೇಕು, ಅದೇನೂ ಸಣ್ಣ ಮೊತ್ತವಲ್ಲ. ಕೌಂಟರಿನಲ್ಲಿ ಒಂದು ಟ್ಯಾಗಿಗೆ ಸಹಿ ಮಾಡಿಸಿಕೊಳ್ಳುತ್ತಾರೆ, ಒಡೆದರೆ ನಾವು ಹೊಣೆಯಲ್ಲ ಅನ್ನೋ ಅರ್ಥದ್ದು. ಓದಿ ಸಹಿ ಮಾಡಿ. ಕೊಡುವ ಮುಂಚೆ ಪೇಟಿಯ ಒಳಗೂ ಹೊರಗೂ ಮೊಬೈಲ್‌ನಲ್ಲಿ ಫೋಟೋ ಹೊಡೆದಿಡಿ. ದಿಲ್ಲಿಯಲ್ಲಿ ಚಳಿಗಾಲದಲ್ಲಿ ಇಳಿದರೆ ರೂಮಿಗೆ ಹೋದ ಕೂಡಲೇ ಪೆಟ್ಟಿಗೆ ತೆಗೆಯಬೇಡಿ, ತಣ್ಣಗಿರೋ ರೀಡುಗಳ (ಸ್ವರ ಹೊರಡಿಸುವ ಲೋಹದ ಪಟ್ಟಿಗಳ) ಮೇಲೆ ರೂಮಿನ ಬೆಚ್ಚನೆ ಗಾಳಿಯ ತೇವ ಕೂರುತ್ತದೆ. ಒಂದು ಗಂಟೆ ಹಾಗೇ ಬಿಡಿ.

ಐದು ಜನ, ಇಷ್ಟು ವಾದ್ಯ ಅಂದರೆ ನಾನಾಗಿದ್ದರೆ ಸಂಘಟಕರಿಗೆ ರೈಲಿನ ಟಿಕೆಟ್ ಕೇಳುತ್ತಿದ್ದೆ. ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿ ಮೇಲೇ ದಿಲ್ಲಿಗೆ ಹೋಗುತ್ತದೆ, ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ತಲೆಗೆ 40 ಕೆಜಿ ಬಿಟ್ಟಿ, ಪೇಟಿ ನಿಮ್ಮ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ.

ಪ್ರಶ್ನೆ: ಮಗಳು ಹಿಂದೂಸ್ತಾನಿ ವಯಲಿನ್ ಕಲಿಯುತ್ತಿದ್ದಾಳೆ. ಬೆಂಗಳೂರಿನಲ್ಲಿ ಸ್ಪರ್ಧೆ ಇದೆ, ಕಲಬುರಗಿ ಅಥವಾ ಬೀದರ್‌ನಿಂದ ವಿಮಾನ ಇದ್ದರೆ ಅದರಲ್ಲೇ ಹೋಗುವ ಆಸೆ. ವಯಲಿನ್‌ಗೆ ವಿಮಾನದೊಳಗೆ ತಡೆ ಇಲ್ಲ ಅಂತ ಎಲ್ಲೋ ಓದಿದೆ, ನಿಜವೇ?
— ತಾಯಿಯೊಬ್ಬರು, ಹುಮನಾಬಾದ್

ಅಮ್ಮಾ, ನೀವು ಓದಿದ್ದು ಅಮೆರಿಕದ ಮಾತು. ಅಲ್ಲಿ 2012ರಲ್ಲಿ ಕಾನೂನು ಮಾಡಿ, 2015ರಲ್ಲಿ ನಿಯಮ ಜಾರಿಗೆ ತಂದರು. ವಯಲಿನ್, ಗಿಟಾರ್‌ನಂಥ ಸಣ್ಣ ವಾದ್ಯವನ್ನು ಹತ್ತುವ ಹೊತ್ತಿಗೆ ಮೇಲಿನ ಗೂಡಿನಲ್ಲೋ ಸೀಟಿನ ಕೆಳಗೋ ಜಾಗ ಇದ್ದರೆ ಬಿಡಲೇಬೇಕು, ಬೇರೆ ಕೈಚೀಲಕ್ಕಿಂತ ಜಾಸ್ತಿ ದುಡ್ಡು ಕೇಳುವಂತಿಲ್ಲ ಅಂತ. ಅದು ಅಮೆರಿಕದ ಕಂಪನಿಗಳಿಗೆ ಮಾತ್ರ. ಅಲ್ಲಿಯೂ ಜಾಗ ಇದ್ದರೆ ಅನ್ನೋ ಮಾತು ಇದ್ದೇ ಇದೆ. ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ಇಲ್ಲಿನ ಗೇಟಿನಲ್ಲಿ ತೋರಿಸಿದರೆ ಉಪಯೋಗವಿಲ್ಲ. ಇಲ್ಲಿ ನಿಮ್ಮ ಟಿಕೆಟ್ ಯಾವ ಕಂಪನಿಯದೋ ಅದರ ನಿಯಮವೇ ಕೊನೆ ಮಾತು.

ವಯಲಿನ್ ತೂಕಕ್ಕೆ ಏನೂ ಅಲ್ಲ, ಪೆಟ್ಟಿಗೆ ಸೇರಿ 3 ಕೆಜಿ ಮುಟ್ಟಿದರೆ ಹೆಚ್ಚು. ತೊಂದರೆ ಉದ್ದದ್ದು. ದೊಡ್ಡವರ ವಯಲಿನ್ ಪೆಟ್ಟಿಗೆ ಸುಮಾರು 80 ಸೆಂ.ಮೀ., ಅನುಮತಿ 55ರ ಆಸುಪಾಸು. ಆದರೂ ಎಷ್ಟೋ ಮಂದಿ ಒಯ್ಯುತ್ತಾರೆ, ಯಾಕೆಂದರೆ ಅದು ಸಪೂರ ಇದೆ, ಗೂಡಿನಲ್ಲಿ ಚೀಲಗಳ ಹಿಂದೆ ಸೇರಿಕೊಳ್ಳುತ್ತದೆ. ಚೌಕದ ಪೆಟ್ಟಿಗೆ ಬದಲು ವಯಲಿನ್ ಆಕಾರದ ಕಿರಿದಾದ ಪೆಟ್ಟಿಗೆ ತಗೊಳ್ಳಿ, ಮೂರೂ ಬದಿ ಕೂಡಿಸಿದ ಲೆಕ್ಕ 115ರ ಹತ್ತಿರ ಬರುತ್ತದೆ, ವಾದ ಮಾಡಲಿಕ್ಕೆ ಒಂದು ಆಧಾರವಾದರೂ ಸಿಗುತ್ತದೆ. ಮಗಳು ಇನ್ನೂ ಮುಕ್ಕಾಲು ಅಳತೆಯ ವಯಲಿನ್ ನುಡಿಸುವವಳಾದರೆ ಇನ್ನೂ ಸುಲಭ.

ನಮ್ಮ ಭಾಗದ ವಿಮಾನ ಬೇರೆ ಥರ. ಕಲಬುರಗಿ ನಿಲ್ದಾಣ 2019ರ ನವೆಂಬರ್‌ನಲ್ಲಿ, ಬೀದರ್‌ನದು 2020ರ ಫೆಬ್ರುವರಿಯಲ್ಲಿ ಶುರುವಾಯಿತು. ಇಲ್ಲಿ ಓಡಿದ್ದು ಹೆಚ್ಚಾಗಿ ಸಣ್ಣ ವಿಮಾನಗಳೇ. 50 ಸೀಟಿನ ಎಂಬ್ರೇಯರ್‌ನಲ್ಲಿ ಒಂದು ಕಡೆ ಒಂದೇ ಸೀಟು, ಇನ್ನೊಂದು ಕಡೆ ಎರಡು. ಮೇಲಿನ ಗೂಡು ಎರಡು ಸೀಟಿನ ಬದಿಗೆ ಮಾತ್ರ, ಅದೂ ಕಿರಿದು. ರೆಕ್ಕೆಗೆ ಪಂಖ ಇರೋ ಎಟಿಆರ್‌ನಲ್ಲೂ ಗೂಡು ಸಣ್ಣದೇ. ಇಂಥ ವಿಮಾನಗಳಲ್ಲಿ ಮೆಟ್ಟಿಲ ಹತ್ತಿರವೇ ಚೀಲ ಇಸಿದುಕೊಂಡು ಕೆಳಗಿನ ಲಗೇಜಿಗೆ ಹಾಕೋದು ಉಂಟು. ಆದ್ದರಿಂದ ಪೆಟ್ಟಿಗೆ ಗಟ್ಟಿ ಇರಲಿ. ಟಿಕೆಟ್ ಬುಕ್ ಮಾಡುವ ಮುಂಚೆ ಯಾವ ವಿಮಾನ ಅಂತ ನೋಡಿ, ಕಂಪನಿಗೆ ಮೇಲ್ ಹಾಕಿ ವಾದ್ಯದ ಅಳತೆ ಬರೆದು ಕೇಳಿ, ಬಂದ ಉತ್ತರವನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಬಾಯಿಮಾತಿಗಿಂತ ಅದು ಎಷ್ಟೋ ಮೇಲು.

ತಂತಿ ಪೂರ್ತಿ ಸಡಿಲ ಮಾಡಬೇಡಿ. ತಂತಿಯ ಬಿಗಿಯಲ್ಲೇ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ತುಂಡು) ನಿಂತಿರೋದು, ಒಳಗಿನ ಸಣ್ಣ ಕಂಬವೂ ಅಷ್ಟೇ. ಅದು ಬಿದ್ದರೆ ಸ್ಪರ್ಧೆಯ ಬೆಳಗ್ಗೆ ರಿಪೇರಿಯವನನ್ನು ಹುಡುಕಬೇಕಾಗುತ್ತದೆ. ಅರ್ಧ ಸ್ವರ ಇಳಿಸಿದರೆ ಸಾಕು. ಕಮಾನಿನ ಕೂದಲು ಮಾತ್ರ ಪೂರ್ತಿ ಸಡಿಲ ಮಾಡಿ.

ಪ್ರಶ್ನೆ: ನಮ್ಮ ಅಜ್ಜನ ಹಳೇ ತಂಬೂರಿ ಇದೆ. ಅಮೆರಿಕದಲ್ಲಿರುವ ಮಗ ಬಂದಿದ್ದಾನೆ, ಒಯ್ಯುತ್ತೇನೆ ಅನ್ನುತ್ತಾನೆ. ಹೇಗೆ ಕಳಿಸೋದು?
— ಶಹಾಪುರದ ಓದುಗರು, ಯಾದಗಿರಿ ಜಿಲ್ಲೆ

ಯಜಮಾನರೇ, ಹೇಗೆ ಅನ್ನುವುದಕ್ಕಿಂತ ಮುಂಚೆ ಕುದುರೆ ಯಾವುದರದ್ದು ನೋಡಿ. ಹಳೇ ತಂಬೂರಿಗಳಲ್ಲಿ ಕುದುರೆಯನ್ನು ಜಿಂಕೆ, ಕಡವೆಯ ಕೊಂಬಿನಿಂದ ಮಾಡುತ್ತಿದ್ದರು, ಕೆಲವಕ್ಕೆ ದಂತದ ಕೆತ್ತನೆಯೂ ಇರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇವುಗಳ ಮಾತೇ ಬೇರೆ. ದಂತ, ಕೊಂಬು ಇದ್ದ ವಸ್ತುವನ್ನು ದೇಶದಿಂದ ಹೊರಗೆ ಒಯ್ಯಲಿಕ್ಕೆ ಹೋದರೆ ವಾದ್ಯವೂ ಹೋಗುತ್ತದೆ, ಮಗನ ವಿಮಾನವೂ ಹೋಗುತ್ತದೆ. ಬಿಳಿ ಪಟ್ಟಿ ಕಂಡ ಕೂಡಲೇ ದಂತ ಅಂತ ಹೆದರಬೇಕಿಲ್ಲ, ಬಹಳಷ್ಟು ತಂಬೂರಿಗಳಲ್ಲಿ ಅದು ಬರೀ ಪ್ಲಾಸ್ಟಿಕ್. ಆದರೆ ಊಹೆ ಬೇಡ, ತಿಳಿದವರಿಗೆ ತೋರಿಸಿ. ಮೀರಜ್ ನಮಗೇನು ದೂರವಲ್ಲ, ತಂಬೂರಿ, ಸಿತಾರ ಮಾಡುವ ಮನೆತನಗಳೇ ಅಲ್ಲಿವೆ. ಅವರು ಕುದುರೆ ನೋಡಿ ಯಾವುದರದ್ದು ಅಂತ ಹೇಳುತ್ತಾರೆ, ಬೇಕಾದರೆ ಬೇರೆ ಕುದುರೆ ಕೂರಿಸಿ ಜವಾರಿಯನ್ನೂ (ನಾದ ಝೇಂಕರಿಸುವ ಹಾಗೆ ಕುದುರೆಯ ಮೈ ಉಜ್ಜಿ ಹದ ಮಾಡೋದು) ಮಾಡಿಕೊಡುತ್ತಾರೆ. ರಶೀದಿ ತಗೊಂಡು ವಾದ್ಯದ ಜೊತೆ ಇಡಿ.

ಮರ ಬೀಟೆ ಅಂತ ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2017ರಲ್ಲಿ ಬೀಟೆ ಜಾತಿಯ ಮರಗಳಿಗೆಲ್ಲ ಅಂತರರಾಷ್ಟ್ರೀಯ ನಿರ್ಬಂಧ ಬಂದಾಗ ವಾದ್ಯಗಾರರು ಪರದಾಡಿದ್ದು ನಿಜ, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಟ್ಟರು.

ಇನ್ನು ಒಯ್ಯೋದು. ಅಷ್ಟುದ್ದದ ತಂಬೂರಿ ಯಾವ ವಿಮಾನದ ಗೂಡಿನಲ್ಲೂ ಕೂರುವುದಿಲ್ಲ. ಎರಡೇ ದಾರಿ. ಒಂದು, ತಂಬೂರಿಗೇ ಇನ್ನೊಂದು ಸೀಟು ಕೊಂಡುಕೊಳ್ಳೋದು. ಇದನ್ನು ವೆಬ್‌ಸೈಟಿನಲ್ಲಿ ಸುಮ್ನೆ ಎರಡನೇ ಪ್ರಯಾಣಿಕನ ಹೆಸರು ಹಾಕಿ ಮಾಡಬೇಡಿ, ಕಂಪನಿಗೆ ಫೋನ್ ಮಾಡಿ ವಾದ್ಯಕ್ಕೆ ಸೀಟು ಅಂತಲೇ ಹೇಳಿ ಮಾಡಿಸಿ. ಕಿಟಕಿ ಪಕ್ಕ ಕೊಡುತ್ತಾರೆ, ಬೆಲ್ಟ್ ಹಾಕಿ ಕಟ್ಟುತ್ತಾರೆ. ಎತ್ತರಕ್ಕೂ ಮಿತಿ ಇರುತ್ತದೆ, ಮೊದಲೇ ಅಳತೆ ಹೇಳಿ. ಖರ್ಚು ಕೇಳಿದರೆ ಮಗ ಎರಡು ಸಲ ಯೋಚಿಸುತ್ತಾನೆ. ಎರಡನೆಯದು ಫೈಬರ್ ಪೆಟ್ಟಿಗೆ ಮಾಡಿಸಿ ಲಗೇಜಿಗೆ ಹಾಕೋದು. ಅಪಾಯ ಇರೋದು ಬುರುಡೆಗೆ. ಒಣಗಿದ ಸೋರೆ ಬುರುಡೆ ಒಂದು ಏಟಿಗೆ ಸೀಳುತ್ತದೆ, ಆದ್ದರಿಂದ ಬುರುಡೆ ಪೆಟ್ಟಿಗೆಯ ತಳ ಮುಟ್ಟದ ಹಾಗೆ, ಸ್ಪಂಜಿನ ಗೂಡಿನಲ್ಲಿ ತೇಲುವ ಹಾಗೆ ಇರಬೇಕು. ಕುದುರೆ ನಿಂತ ಜಾಗಕ್ಕೆ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ, ಆಮೇಲೆ ಬಿರಡೆ ತಿರುಗಿಸಿ ತಂತಿ ಸಡಿಲ ಮಾಡಿ, ಕುದುರೆ ತೆಗೆದು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಳ್ಳಲಿ. ಅಲ್ಲಿ ಹೋಗಿ ಗೆರೆ ನೋಡಿ ಕೂರಿಸಿದರೆ ಆಯಿತು.

ಮಗ ಹಾಡುವವನೇ? ಗೋಡೆಗೆ ನೇತು ಹಾಕಲಿಕ್ಕೆ ಆದರೆ ಇಷ್ಟು ಪಾಡು ಯಾಕೆ, ಶಹಾಪುರದಲ್ಲೇ ಭಜನೆಯವರ ಕೈಯಲ್ಲಿ ಇರಲಿ ಅಂತ ನನಗನ್ನಿಸುತ್ತದೆ. ಅದು ನಿಮ್ಮ ಮನೆ ವಿಷಯ.

ಪ್ರಶ್ನೆ: ಕೊಳಲು, ಗಿಟಾರ್, ಎಲೆಕ್ಟ್ರಾನಿಕ್ ತಂಬೂರಿ. ಮೂರೂ ಇವೆ. ಕೈಯಲ್ಲಿ ಒಯ್ಯಬಹುದಾ?
— ಕಾಲೇಜು ಹುಡುಗ, ಕಲಬುರಗಿ

ತಮ್ಮಾ, ಒಬ್ಬನಿಗೆ ಒಂದೇ ಚೀಲ. ಗಿಟಾರ್ ಒಂದು ಮೀಟರ್ ಉದ್ದ, ಅದನ್ನು ಗಟ್ಟಿ ಪೆಟ್ಟಿಗೆಯಲ್ಲಿ ಲಗೇಜಿಗೆ ಹಾಕು. ಕೊಳಲುಗಳನ್ನು ಪೈಪಿನಂಥ ಡಬ್ಬಿಗೆ ಹಾಕಿ ಕೈಚೀಲದೊಳಗೆ ಇಡು, ಉದ್ದದ ಬಾಸ್ ಕೊಳಲಿದ್ದರೆ ಅದು ಗಿಟಾರ್ ಪೆಟ್ಟಿಗೆಗೆ. ಎಲೆಕ್ಟ್ರಾನಿಕ್ ತಂಬೂರಿಯನ್ನೂ ಅದೇ ಕೈಚೀಲದಲ್ಲಿ ಇಟ್ಟುಕೋ, ತಪಾಸಣೆಯಲ್ಲಿ ಲ್ಯಾಪ್‌ಟಾಪ್ ತೆಗೆದ ಹಾಗೆ ಇದನ್ನೂ ತೆಗೆದು ಟ್ರೇಗೆ ಹಾಕು. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಲಗೇಜಿಗೆ ಹಾಕುವಂತಿಲ್ಲ, ಅವು ಕೈಚೀಲದಲ್ಲೇ ಬರಬೇಕು.