ಗೊಂಬೆ ತಯಾರಾದದ್ದು ಎಲ್ಲಿ? – ಸಂಪಾದಕರ ಉತ್ತರ

ಮಾನ್ಯರೇ,

ಇಟಲಿಯ ಉತ್ತರ ಗಡಿಯ ಸಮೀಪದ ಗಾರ್ಡೇನಾ ಕಣಿವೆಯ ಮರಗೆತ್ತನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಚನ್ನಪಟ್ಟಣದಿಂದ ಬರೆದ ಪತ್ರ ತಲುಪಿತು. ಚರ್ಚು, ವಸ್ತುಸಂಗ್ರಹಾಲಯ, ವರ್ತಕರ ಮನೆ ಎಲ್ಲವನ್ನೂ ವರ್ಣಿಸಿದ ಲೇಖನದಲ್ಲಿ ಗೊಂಬೆ ಮಾಡುವವರು ಕೂತು ಕೆಲಸ ಮಾಡಿದ ಜಾಗ ಏಕಿಲ್ಲ ಎಂದು ಕೇಳಿದ್ದೀರಿ. ಓರ್ತಿಸೇಯ್ ಊರಿನ ದಾಸ್ತಾನು ಮಳಿಗೆಯ ಚಿತ್ರದ ಕೆಳಗೆ ‘ಗೊಂಬೆ ಕಾರ್ಖಾನೆ’ ಎಂದು ಅಚ್ಚಾಗಿದ್ದನ್ನೂ ಪ್ರಶ್ನಿಸಿದ್ದೀರಿ. ಅದು ನಮ್ಮ ಮೇಜಿನ ಮೇಲೆ ಆದ ತಪ್ಪು, ಲೇಖಕರದ್ದಲ್ಲ.

ಆ ಕಣಿವೆಯ ಗೊಂಬೆಗಳಿಗೆ ಬಹುಕಾಲ ಕಾರ್ಖಾನೆಯೇ ಇರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಟ್ರೆಬಿಂಗರ್, ವಿನಾಝರ್ ಮನೆತನಗಳ ಶಿಲ್ಪಿಗಳಿಂದ ಬೇರೂರಿದ ಕೆತ್ತನೆ, ಮುಂದಿನ ಶತಮಾನದಲ್ಲಿ ಆಟಿಕೆಗಳತ್ತ ಹೊರಳಿದಾಗ, ಅದು ನಡೆದದ್ದು ಬೆಟ್ಟದ ಇಳಿಜಾರಿನ ರೈತರ ಮನೆಗಳಲ್ಲಿ. ಹಿಮ ಬಿದ್ದು ಹೊಲದ ಕೆಲಸ ನಿಂತ ತಿಂಗಳುಗಳಲ್ಲಿ, ಒಲೆಯಿಂದ ಬೆಚ್ಚಗಿರುವ, ಗೋಡೆಗೆ ಹಲಗೆ ಹೊದಿಸಿದ ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಕೂತು ಸೆಂಬ್ರಾ ಪೈನ್ ಮರವನ್ನು ಕೆತ್ತುತ್ತಿದ್ದರು. ತಮ್ಮ ಊರಿನ ಹಾಲೆಮರದಂತೆಯೇ ಅದೂ ಉಳಿಗೆ ಸುಲಭವಾಗಿ ಬಗ್ಗುವ ಮೆದು ಮರ. ಒಂದು ಮನೆಯವರು ಸಾಮಾನ್ಯವಾಗಿ ಒಂದೆರಡು ಬಗೆಯನ್ನಷ್ಟೇ ಮಾಡುತ್ತಿದ್ದರು. ಒಬ್ಬರದು ಕುದುರೆಯಾದರೆ ಇನ್ನೊಬ್ಬರದು ಬೆಕ್ಕು. ಕೈಕಾಲುಗಳನ್ನು ಮರದ ಗೂಟದಿಂದ ಕೂಡಿಸಿದ, ಮಡಚಬಲ್ಲ ಗೊಂಬೆಗಳ ಮುಂಡವನ್ನು ಲೇತಿನಲ್ಲಿ ಕಡೆಯುತ್ತಿದ್ದರು ಎಂಬುದು ತಮಗೆ ಹತ್ತಿರದ ಸಂಗತಿಯಾದೀತು. ಇಂಗ್ಲೆಂಡಿನಲ್ಲಿ ‘ಡಚ್ ಗೊಂಬೆ’ ಎಂಬ ತಪ್ಪು ಹೆಸರಿನಿಂದ ಮಾರಾಟವಾದವು ಇವೇ. ವಿಕ್ಟೋರಿಯಾ ರಾಣಿ ಬಾಲ್ಯದಲ್ಲಿ ತನ್ನ ಉಪಾಧ್ಯಾಯಿನಿಯೊಡನೆ ಕೂತು ಬಟ್ಟೆ ಹೊಲಿದು ತೊಡಿಸಿದ 132 ಮರದ ಗೊಂಬೆಗಳೂ ಇದೇ ಮಾದರಿಯವು.

ಹೀಗಾಗಿ ವ್ಯಾಪಾರದ ಗುರುತು ಕಲ್ಲಿನಲ್ಲಿ ಉಳಿದದ್ದು ವರ್ತಕರ ಕಡೆಯಲ್ಲಿ. ಇನ್ಸಾಮ್ ಮತ್ತು ಪ್ರಿನೋತ್‌ನಂತಹ ಸಗಟು ಸಂಸ್ಥೆಗಳು ಮನೆಮನೆಯ ಸರಕನ್ನು ಕೊಂಡು, ಓರ್ತಿಸೇಯ್‌ನಲ್ಲಿ ದಾಸ್ತಾನು ಮಾಡಿ, ದೂರದೇಶಗಳಿಗೆ ಕಳಿಸುತ್ತಿದ್ದವು. ಕಣಿವೆಗೆ ಗಾಡಿರಸ್ತೆ ಬಂದದ್ದು 1856ರಲ್ಲಿ. ಅದರ ಹಿಂದಿದ್ದವರೂ ವರ್ತಕರಾದ ಯೋಹಾನ್ ಬಾಪ್ಟಿಸ್ಟ್ ಪುರ್ಗರ್. ಮಾಡಿದವರ ಮನೆ ರೈತನ ಮನೆಯಾಗಿಯೇ ಉಳಿದು, ಮಾರಿದವರ ಮನೆ ಮಾತ್ರ ಚರಿತ್ರೆಯ ಕಟ್ಟಡವಾಯಿತು. ನಮ್ಮ ಲೇಖನ ಈ ಅಸಮತೋಲವನ್ನು ಗಮನಿಸಬೇಕಿತ್ತು ಎಂಬ ತಮ್ಮ ಆಕ್ಷೇಪಣೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಆದರೆ ಚರ್ಚುಗಳನ್ನು ಸೇರಿಸಿದ್ದು ಅನಗತ್ಯ ಎಂಬ ಮಾತನ್ನು ಒಪ್ಪಲಾರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಣಿವೆಯ ಕೆಲಸ ಸಂತರ ಮೂರ್ತಿ ಹಾಗೂ ಪೂಜಾಪೀಠಗಳ ಕಡೆಗೆ ತಿರುಗಿತು. ಆಳೆತ್ತರದ ಮೂರ್ತಿಯನ್ನು ಒಲೆಯ ಪಕ್ಕದ ಮೂಲೆಯಲ್ಲಿ ಕೆತ್ತಲಾಗದು. ಅದಕ್ಕಾಗಿ ದೊಡ್ಡ ಕಾರ್ಯಾಗಾರಗಳು ಎದ್ದವು. ಓರ್ತಿಸೇಯ್‌ನ ಸಂತ ಉಲ್ರಿಕ್ ಚರ್ಚಿನೊಳಗೆ ನಿಂತರೆ ಊರಿನವರ ಉಳಿ ಎಷ್ಟು ದೂರ ಬಂದಿತ್ತೆಂಬುದು ಕಣ್ಣಿಗೇ ಕಾಣುತ್ತದೆ. ‘ಕಾರ್ಖಾನೆ’ ಎಂಬ ಮಾತು ಏನಾದರೂ ಒಪ್ಪುವುದಿದ್ದರೆ, 1912ರಲ್ಲಿ ಅದೇ ಕಣಿವೆಯ ಸಾಂತಾ ಕ್ರಿಸ್ತಿನಾ ಊರಿನಲ್ಲಿ ಆಂಟನ್ ರಿಫೇಸರ್ ತಮ್ಮ ಹೆಸರಿನ ಮೊದಲಕ್ಷರಗಳಿಂದ ‘ಆನ್ರಿ’ ಎಂದು ಆರಂಭಿಸಿದ ಸಂಸ್ಥೆಯಂಥವುಗಳಿಗೆ ಒಪ್ಪೀತು.

ಹೋಗುವ ಅವಕಾಶವಾದರೆ ಏನು ನೋಡಬೇಕೆಂದೂ ಕೇಳಿದ್ದೀರಿ. ಓರ್ತಿಸೇಯ್‌ನ ‘ಚೆಸಾ ದಿ ಲಾದಿನ್ಸ್’, ಅಂದರೆ ಕಣಿವೆಯ ಸ್ಥಳೀಯ ಭಾಷೆಯಾದ ಲಾದಿನ್ ಆಡುವವರ ಮನೆಯೊಳಗಿನ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿ. ಕಟ್ಟಡ ಕಳೆದ ಶತಮಾನದ್ದೇ ಆದರೂ ಹಳೆಯ ಆಟಿಕೆಗಳ ಸಂಗ್ರಹ ಅಲ್ಲಿದೆ. ಆಮೇಲೆ ಸಾಂತಾ ಕ್ರಿಸ್ತಿನಾದ ಕಡೆಗೆ ಕಾಲ್ನಡಿಗೆಯಲ್ಲಿ ಹೊರಡಿ. ಮೊದಲನೆಯ ಮಹಾಯುದ್ಧದ ನಡುವೆ ರಷ್ಯನ್ ಕೈದಿಗಳ ದುಡಿಮೆಯಿಂದ ಹಾಕಿಸಿ, 1960ರಲ್ಲಿ ಮುಚ್ಚಿದ ಕಿರುರೈಲಿನ ಹಾದಿ ಅದು. ನಡೆಯುತ್ತ ಇಳಿಜಾರಿನತ್ತ ಕಣ್ಣು ಹಾಯಿಸಿದರೆ, ತಾವು ಕೇಳಿದ ಆ ರೈತರ ಮನೆಗಳ ಸಾಲು ಕಾಣುತ್ತದೆ.

ಚಿತ್ರದ ಅಡಿಬರಹವನ್ನು ‘ವರ್ತಕರ ದಾಸ್ತಾನು ಮಳಿಗೆ’ ಎಂದು ಓದಿಕೊಳ್ಳಬೇಕಾಗಿ ಎಲ್ಲ ಓದುಗರಲ್ಲಿ ವಿನಂತಿ.

– ಸಂ.